ಹಾಡು ಕೇಳುವ ಕಂಪ್ಯೂಟರಿಗೆ ಯಾವ ತಂತಿ? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗೀತ ಕೇಳುವುದಕ್ಕೆಂದೇ ಕಂಪ್ಯೂಟರ್ ಕಟ್ಟಿಕೊಳ್ಳುವವರು ದಾವಣಗೆರೆಯಲ್ಲಿ ಹೆಚ್ಚು ಮಂದಿ ಇಲ್ಲ. ಆದರೆ ಇರುವವರು ಪಟ್ಟು ಬಿಡುವವರಲ್ಲ. ಅಂಥವರಿಗೆ ನಾನು ಕೆಲಸ ಮುಗಿದ ಮೇಲೆ ಸಂಜೆ ಹೊತ್ತು ವಿದ್ಯುತ್ ಕೇಬಲ್ ಮಾಡಿಕೊಡುತ್ತೇನೆ. ಹರಿಹರದಿಂದ, ಹೊಳಲ್ಕೆರೆಯಿಂದ, ಚಿತ್ರದುರ್ಗದಿಂದ ಬರುವವರು ಮೊದಲು ಕೇಳುವುದು ತಂತಿಯ ಲೋಹದ ಬಗ್ಗೆ. ನನ್ನ ಮೇಜಿಗೆ ಬಂದ ತೊಂದರೆಗಳಲ್ಲಿ ಹೆಚ್ಚಿನವು ಲೋಹದಿಂದ ಹುಟ್ಟಿದವಲ್ಲ. ತಂತಿಯ ದಪ್ಪ, ಉದ್ದ, ತುದಿಯ ಜೋಡಣೆ ಮತ್ತು ಅರ್ಥಿಂಗ್‌ನಿಂದ ಹುಟ್ಟಿದವು. ಈ ಉತ್ತರಗಳನ್ನು ಅದೇ ಕಾರಣಕ್ಕೆ ಬರೆದಿಟ್ಟಿದ್ದೇನೆ.

ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಜೊತೆಗೇ ಕೇಬಲ್ ಬರುತ್ತದೆ. ಹೊಸದನ್ನು ಏಕೆ ಮಾಡಬೇಕು?

ಎಲ್ಲರಿಗೂ ಬೇಕಾಗಿಲ್ಲ. ಜೊತೆಗೆ ಬಂದ ಕೇಬಲ್ ದೊಡ್ಡ ಕ್ಯಾಬಿನೆಟ್‌ನ ಅಳತೆಗೆ ಮಾಡಿದ್ದು, 60 ಸೆಂ.ಮೀ. ಇರುವುದು ಸಾಮಾನ್ಯ. ಸಂಗೀತದ ಕಂಪ್ಯೂಟರ್ ಪುಟ್ಟ ಪೆಟ್ಟಿಗೆಯಲ್ಲಿ ಇರುತ್ತದೆ. ಉಳಿದ ಉದ್ದವನ್ನು ಸುರುಳಿ ಸುತ್ತಿ ಮೂಲೆಗೆ ತುರುಕಿದರೆ ಗಾಳಿಯ ಓಡಾಟಕ್ಕೆ ಅಡ್ಡಿ, ರೋಧ ಹೆಚ್ಚು, ಜೊತೆಗೆ ಆ ಸುರುಳಿ ಸುತ್ತಲಿನ ಕಾಂತಕ್ಷೇತ್ರವನ್ನು ಹೀರಿಕೊಳ್ಳುವ ಬಲೆಯೂ ಆಗುತ್ತದೆ. ಅಳತೆಗೆ ತಕ್ಕಂತೆ ಕತ್ತರಿಸಿದ ಗಿಡ್ಡ ಕೇಬಲ್ ಈ ಮೂರನ್ನೂ ಒಟ್ಟಿಗೆ ತಗ್ಗಿಸುತ್ತದೆ. ನಾನು ಕೇಬಲ್ ಮಾಡುವುದು ಮುಖ್ಯವಾಗಿ ಈ ಗಿಡ್ಡತನಕ್ಕಾಗಿ.

ತಂತಿಯ ದಪ್ಪ ಎಷ್ಟಿರಬೇಕು?

ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಹೇಳಬೇಕು. ದಪ್ಪವನ್ನು ಎಡಬ್ಲ್ಯೂಜಿ ಎಂಬ ಅಮೆರಿಕನ್ ಅಳತೆಯಲ್ಲಿ ಹೇಳುತ್ತೇನೆ. ಒಂದು ಮೀಟರ್ ತಾಮ್ರದ ತಂತಿಯ ರೋಧ 20 ಎಡಬ್ಲ್ಯೂಜಿಯಲ್ಲಿ ಸುಮಾರು 33 ಮಿಲಿಓಮ್, 18ರಲ್ಲಿ 21, 16ರಲ್ಲಿ 13. ಈ ಅಳತೆಯಲ್ಲಿ ಸಂಖ್ಯೆ ಇಳಿದಂತೆ ತಂತಿ ದಪ್ಪವಾಗುತ್ತದೆ.

ಒಂದು ಯುಎಸ್‌ಬಿ ಕಾರ್ಡಿಗೆ 5 ವೋಲ್ಟಿನಲ್ಲಿ 2 ಆಂಪಿಯರ್ ಕೊಡಬೇಕೆಂದುಕೊಳ್ಳಿ. ಕೇಬಲ್ ಅರ್ಧ ಮೀಟರ್ ಇದ್ದರೂ ವಿದ್ಯುತ್ತು ಹೋಗಬೇಕು, ಮರಳಬೇಕು. ಆದ್ದರಿಂದ ಲೆಕ್ಕಕ್ಕೆ ಸಿಗುವುದು ಒಂದು ಮೀಟರ್ ತಂತಿ. 18 ಎಡಬ್ಲ್ಯೂಜಿ ಆದರೆ 42 ಮಿಲಿವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 20 ಆದರೆ 66. 5 ವೋಲ್ಟಿನ ಸಾಲಿಗೆ ಎಟಿಎಕ್ಸ್ (ಕಂಪ್ಯೂಟರಿನ ವಿದ್ಯುತ್ ಪೂರೈಕೆಯ ಮಾನದಂಡ) ನಿಯಮ ಕೊಡುವ ಸಡಿಲಿಕೆ ಶೇಕಡಾ 5, ಅಂದರೆ 250 ಮಿಲಿವೋಲ್ಟ್. ಎರಡೂ ಸುರಕ್ಷಿತ ಮಿತಿಯೊಳಗೇ ಇವೆ. ಆದರೆ ಈ ನಷ್ಟ ನಿಂತ ನೀರಿನಂತೆ ಇರುವುದಿಲ್ಲ. ಕಾರ್ಡ್ ಎಳೆಯುವ ಕರೆಂಟ್ ಏರಿಳಿದಂತೆ ವೋಲ್ಟೇಜೂ ಏರಿಳಿಯುತ್ತದೆ. ನಮಗೆ ಬೇಡವಾದದ್ದು ಆ ಅಲುಗಾಟ. ಅದಕ್ಕೇ ದಪ್ಪ ತಂತಿ, ಗಿಡ್ಡ ಕೇಬಲ್.

ನನ್ನ ಪದ್ಧತಿ ಹೀಗಿದೆ. ಮದರ್‌ಬೋರ್ಡಿಗೆ ಹೋಗುವ 24 ಪಿನ್‌ನ ಮುಖ್ಯ ಕೇಬಲಿಗೆ 18. ಪ್ರೊಸೆಸರಿಗೆ ಹೋಗುವ 8 ಪಿನ್ ಕೇಬಲಿಗೆ, ಕೈಗೆ ಸಿಕ್ಕಿದರೆ, 16. ಹಸಿರು ಮತ್ತು ಬೂದು ಬಣ್ಣದ ತಂತಿಗಳು ಬರೀ ಸಂಕೇತ ಒಯ್ಯುವವು. ಅವುಗಳಿಗೆ 22 ಸಾಕು. ನೇರಳೆ ತಂತಿಯನ್ನು ಸಂಕೇತದ ತಂತಿ ಎಂದು ತಿಳಿದು ತೆಳ್ಳಗೆ ಹಾಕುವವರಿದ್ದಾರೆ; ಅದು ಕಂಪ್ಯೂಟರ್ ಮಲಗಿದಾಗಲೂ 5 ವೋಲ್ಟ್ ಕೊಡುವ ಸಾಲು, ಅದಕ್ಕೂ 18 ಇರಲಿ. 14ರ ತಂತಿ ತಂದುಕೊಡುವ ಗೆಳೆಯರಿಗೆ ನಾನು ಬೇಡವೆನ್ನುತ್ತೇನೆ. ಅದು ಪಿನ್ನಿನ ಬಾಯಿಗೆ ಹಿಡಿಯುವುದಿಲ್ಲ, ಒತ್ತಾಯದಿಂದ ತುರುಕಿದರೆ ಒಂದೆರಡು ಎಳೆ ಹೊರಗುಳಿದು ಪಕ್ಕದ ಪಿನ್ನಿಗೆ ತಾಗುವ ಅಪಾಯವಿದೆ.

ನಮ್ಮ ಅಂಗಡಿಗಳಲ್ಲಿ ಎಡಬ್ಲ್ಯೂಜಿ ಎಂದರೆ ಗೊತ್ತಾಗುವುದಿಲ್ಲ. ಹೇಗೆ ಕೇಳುವುದು?

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಚದರ ಮಿಲಿಮೀಟರ್ ಲೆಕ್ಕದಲ್ಲಿ ಕೇಳಿ. 18 ಎಡಬ್ಲ್ಯೂಜಿ ಎಂದರೆ 0.82 ಚದರ ಮಿ.ಮೀ., 16 ಎಂದರೆ 1.31. ಅಂಗಡಿಯ 0.75 ಅಥವಾ 1 ಚದರ ಮಿ.ಮೀ. ತಂತಿ 18ರ ಆಸುಪಾಸಿನದು. ಆದರೆ ಎಳೆಗಳನ್ನು ನೋಡಿ. 1 ಚದರ ಮಿ.ಮೀ. ತಂತಿ ಎರಡು ಬಗೆಯಲ್ಲಿ ಸಿಗುತ್ತದೆ: 0.3 ಮಿ.ಮೀ.ನ 14 ಎಳೆಗಳು, ಇಲ್ಲವೇ 0.2 ಮಿ.ಮೀ.ನ 32 ಎಳೆಗಳು. ಎರಡನೆಯದನ್ನು ಕೊಳ್ಳಿ, ಅದು ಬಳುಕುತ್ತದೆ. ಮನೆಯ ವೈರಿಂಗ್ ತಂತಿಯ ಹೊದಿಕೆ ದಪ್ಪವಾಗಿರುವುದರಿಂದ ಕನೆಕ್ಟರಿನ ಹಿಂದಿನ ತೂತಿಗೆ ಬಿಗಿಯಾಗಬಹುದು. ಹೊದಿಕೆ ಸೇರಿ ಹೊರ ಅಳತೆ 2.5 ಮಿ.ಮೀ. ಒಳಗೆ ಇದ್ದರೆ ಕೆಲಸ ಸಲೀಸು.

ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಕೇಳುವಾಗ ಎಚ್ಚರ ಇರಲಿ. ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅನುಭವಿಗಳು ನಮ್ಮಲ್ಲಿ ಧಾರಾಳ; ತಾಮ್ರದ ವಿಷಯದಲ್ಲಿ ಅವರಿಂದ ನಾನು ಕಲಿತದ್ದು ಬಹಳ. ಆದರೆ ಅವರು 'ಗೇಜ್' ಎನ್ನುವುದು ಎಸ್‌ಡಬ್ಲ್ಯೂಜಿ ಎಂಬ ಬ್ರಿಟಿಷ್ ಅಳತೆಯನ್ನು. ಆ ಲೆಕ್ಕದ 18ರ ವ್ಯಾಸ 1.22 ಮಿ.ಮೀ., ಎಡಬ್ಲ್ಯೂಜಿಯ 18ರದು 1.02 ಮಿ.ಮೀ. ಸಂಖ್ಯೆ ಒಂದೇ, ತಾಮ್ರದಲ್ಲಿ ಶೇಕಡಾ 40ರಷ್ಟು ವ್ಯತ್ಯಾಸ. ಅಲ್ಲಿ ಸಿಗುವ ಎನಾಮಲ್ ಬಳಿದ ಗಟ್ಟಿ ಒಂಟಿ ತಂತಿ ನಮ್ಮ ಕೆಲಸಕ್ಕೆ ಬಾರದು.

ಬೆಳ್ಳಿಯ ತಂತಿ, ಆಮ್ಲಜನಕರಹಿತ ತಾಮ್ರ, ಏಕಸ್ಫಟಿಕ ತಾಮ್ರ: ಇವಕ್ಕೆ ದುಡ್ಡು ಹಾಕಬೇಕೆ?

ನಿಮ್ಮ ದುಡ್ಡನ್ನು ಉಳಿಸಿಕೊಳ್ಳಿ ಎಂದು ನಾನು ಮನಃಪೂರ್ವಕ ಹೇಳುತ್ತೇನೆ. ಬೆಳ್ಳಿಯ ರೋಧ ತಾಮ್ರಕ್ಕಿಂತ ಶೇಕಡಾ 5ರಿಂದ 6ರಷ್ಟು ಮಾತ್ರ ಕಡಿಮೆ. 18ರಿಂದ 16ಕ್ಕೆ ಬದಲಿಸಿದರೆ ಶೇಕಡಾ 37ರಷ್ಟು ಕಡಿಮೆಯಾಗುತ್ತದೆ, ಅದೂ ಮೀಟರಿಗೆ ಕೆಲವೇ ರೂಪಾಯಿ ಹೆಚ್ಚು ಕೊಟ್ಟು. ಆಮ್ಲಜನಕರಹಿತ ತಾಮ್ರಕ್ಕೂ ಸಾಮಾನ್ಯ ವಿದ್ಯುತ್ ತಾಮ್ರಕ್ಕೂ ವಾಹಕತೆಯಲ್ಲಿ ಇರುವ ಅಂತರ ಹೆಚ್ಚೆಂದರೆ ಶೇಕಡಾ 1. ಏಕಸ್ಫಟಿಕದಂಥ ತಾಮ್ರವನ್ನು ಎರಕ ಹೊಯ್ಯುವ ವಿಧಾನ ಜಪಾನಿನ ಚಿಬಾ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕ ಅತ್ಸುಮಿ ಓನೋ ಅವರದು. ಲೋಹಶಾಸ್ತ್ರದಲ್ಲಿ ಅದು ನಿಜಕ್ಕೂ ದೊಡ್ಡ ಸಾಧನೆ, ಆ ತಂತಿ ಮುರಿಯದೆ ಬಹಳ ತೆಳ್ಳಗೆ ಎಳೆಯಲು ಬರುತ್ತದೆ. ಆದರೆ 40 ಸೆಂ.ಮೀ. ಉದ್ದದ ನೇರ ವಿದ್ಯುತ್ (ಡಿಸಿ) ಕೇಬಲಿನಲ್ಲಿ ಆ ಗುಣ ಮಾಡುವ ಕೆಲಸ ಏನೂ ಇಲ್ಲ.

ತಾಮ್ರದ ಬಗ್ಗೆ ಮಾತಾಡುವಾಗ ನನಗೆ ಚಿತ್ರದುರ್ಗದ ಪಕ್ಕದ ಇಂಗಳದಾಳ್ ನೆನಪಾಗುತ್ತದೆ. ಅಲ್ಲಿ ಭೂಮಿಯೊಳಗಿಂದ ತಾಮ್ರದ ಅದಿರನ್ನು ತೆಗೆಯುತ್ತಿದ್ದರು. ನಮ್ಮ ನೆಲದ ಅಡಿಯಲ್ಲೇ ಇರುವ ಈ ಲೋಹವನ್ನು ಕೀಳೆಂದು ಕಾಣಬೇಕಾಗಿಲ್ಲ. ಸರಿಯಾಗಿ ಶುದ್ಧೀಕರಿಸಿದ ಮಾಮೂಲಿ ತಾಮ್ರ ಸಂಗೀತಕ್ಕೆ ಸಾಲದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ತಾಮ್ರ ಎಂದು ಅಲ್ಯೂಮಿನಿಯಂ ಕೊಟ್ಟರೆ ಪತ್ತೆ ಹೇಗೆ?

ಇಲ್ಲಿ ಮೋಸ ನಿಜವಾಗಿಯೂ ಇದೆ. ಅಲ್ಯೂಮಿನಿಯಂ ಎಳೆಯ ಮೇಲೆ ತಾಮ್ರದ ತೆಳು ಲೇಪ ಕೊಟ್ಟ ತಂತಿ ನೋಡಲು ತಾಮ್ರವೇ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ವಾಪಸು ಕೊಡಿ. ತವರದ ಲೇಪವಿದ್ದ ತಾಮ್ರ ಇದಕ್ಕೆ ತದ್ವಿರುದ್ಧ, ಮೇಲೆ ಬಿಳಿ, ಒಳಗೆ ಕೆಂಪು, ಅದು ಒಳ್ಳೆಯದೇ. ಸುರುಳಿಯನ್ನು ಕೈಯಲ್ಲಿ ಹಿಡಿದಾಗಲೂ ಗೊತ್ತಾಗುತ್ತದೆ: ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ.

ಹೊದಿಕೆ ಯಾವುದಿರಲಿ? ಟೆಫ್ಲಾನ್ ತಂತಿ ಒಳ್ಳೆಯದಂತೆ?

ಏಪ್ರಿಲ್ ತಿಂಗಳಲ್ಲಿ ನಮ್ಮ ಊರಿನ ಮಹಡಿ ಕೋಣೆಯ ಬಿಸಿ ನಿಮಗೆ ಗೊತ್ತು. ಫ್ಯಾನ್ ಇಲ್ಲದ ಸಂಗೀತದ ಕಂಪ್ಯೂಟರಿನ ಒಳಗೆ ಅದಕ್ಕಿಂತಲೂ ಹೆಚ್ಚು. ಮನೆ ವೈರಿಂಗಿನ ಸಾಧಾರಣ ಪಿವಿಸಿ ತಡೆಯುವುದು 70 ಡಿಗ್ರಿ. ಉಪಕರಣಗಳ ಒಳಗಡೆಗೆಂದೇ ಮಾಡಿದ ಪಿವಿಸಿ ತಂತಿಗಳಲ್ಲಿ ಯುಎಲ್ 1007 ಎಂದು ಮುದ್ರಿಸಿರುವುದು 80 ಡಿಗ್ರಿ, ಯುಎಲ್ 1015 ಎಂದಿರುವುದು 105 ಡಿಗ್ರಿ ತಾಳುತ್ತದೆ. 1007ರ ಹೊದಿಕೆ ತೆಳು, ಪಿನ್ನಿಗೆ ಚೆನ್ನಾಗಿ ಕೂರುತ್ತದೆ. ನಾನು ಹೆಚ್ಚು ಬಳಸುವುದು ಅದನ್ನೇ.

ಟೆಫ್ಲಾನ್ 200 ಡಿಗ್ರಿಯನ್ನೂ ತಾಳುತ್ತದೆ. ಆ ತಂತಿಗೆ ಬೆಳ್ಳಿಯ ಲೇಪ ಏಕೆ ಎಂದು ಬಹಳ ಜನ ಕೇಳುತ್ತಾರೆ. ಅದು ನಾದಕ್ಕಾಗಿ ಅಲ್ಲ. ಟೆಫ್ಲಾನನ್ನು ತಂತಿಯ ಮೇಲೆ ಬೇಯಿಸಿ ಕೂರಿಸುವ ಬಿಸಿಗೆ ತವರ ಕರಗಿಹೋಗುತ್ತದೆ, ಏಕೆಂದರೆ ತವರ ಕರಗುವುದೇ 232 ಡಿಗ್ರಿಗೆ. ಅದಕ್ಕೆ ಬೆಳ್ಳಿಯನ್ನೋ ನಿಕ್ಕಲನ್ನೋ ಬಳಿಯುತ್ತಾರೆ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದಾಗ ಒಳ್ಳೆಯ ಬೆಲೆಗೆ ಸಿಕ್ಕರೆ ತನ್ನಿ. ಇದು ಜಾರುವ ವಸ್ತು, ಹೊದಿಕೆ ಸುಲಿಯಲು ಹರಿತವಾದ ಸ್ಟ್ರಿಪ್ಪರ್ ಬೇಕು. ಬೆಂಕಿಕಡ್ಡಿಯಿಂದ ಸುಟ್ಟು ಸುಲಿಯುವ ಅಭ್ಯಾಸವನ್ನು ಇಲ್ಲಿ ಖಂಡಿತ ಮಾಡಬೇಡಿ. ಆ ಹೊಗೆ ವಿಷ.

ಸಿಲಿಕೋನ್ ಹೊದಿಕೆಯ ತಂತಿ ಬಹಳ ಮೃದು, ಆದರೆ ತಗಡಿನ ಅಂಚಿಗೆ ತಾಗಿದರೆ ಬೇಗ ಹರಿಯುತ್ತದೆ.

ತಂತಿಗಳನ್ನು ಹೆಣೆಯಬೇಕೆ, ಬಿಡಿಯಾಗಿ ಬಿಡಬೇಕೆ?

ಹೆಣೆಯಿರಿ. ಅಂದಕ್ಕಾಗಿ ಅಲ್ಲ. ಹೋಗುವ ತಂತಿಯೂ ಮರಳುವ ತಂತಿಯೂ ದೂರ ದೂರ ಇದ್ದರೆ ಅವುಗಳ ನಡುವಿನ ಬಯಲು ಆಂಟೆನಾದಂತೆ ಕೆಲಸ ಮಾಡುತ್ತದೆ: ಬೇಡದ್ದನ್ನು ಸೂಸುತ್ತದೆ, ಬೇಡದ್ದನ್ನು ಹಿಡಿಯುತ್ತದೆ. ಬಿಡಿ ತಂತಿಗೆ ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ ಪ್ರೇರಕತೆ (ಕರೆಂಟಿನ ಏರಿಳಿತವನ್ನು ತಡೆಯುವ ಗುಣ) ಇರುತ್ತದೆ. ಕರೆಂಟ್ ಹಠಾತ್ತನೆ ಏರಿದಾಗ ವೋಲ್ಟೇಜ್ ಕುಸಿಯುವುದು ಇದರಿಂದಲೇ. ಪ್ರತಿ ಹಳದಿ (12 ವೋಲ್ಟ್), ಕೆಂಪು (5), ಕಿತ್ತಳೆ (3.3) ತಂತಿಗೂ ಒಂದು ಕಪ್ಪು (ಮರಳುವ) ತಂತಿಯನ್ನು ಜೋಡಿ ಮಾಡಿ ಹುರಿ ಹೊಸೆದಂತೆ ಹೊಸೆದರೆ ಎರಡೂ ಕಡಿಮೆಯಾಗುತ್ತವೆ. 24 ಪಿನ್ ಕೇಬಲಿನಲ್ಲಿ ಕಪ್ಪು ತಂತಿ ಇರುವುದು ಎಂಟು ಮಾತ್ರ, ಹಾಗಾಗಿ ಎಲ್ಲಕ್ಕೂ ಜೋಡಿ ಸಿಗುವುದಿಲ್ಲ; ಎರಡು ಹಳದಿಗೆ ಮೊದಲು ಕೊಡಿ, ಆಮೇಲೆ ಕೆಂಪಿಗೆ. ಹೊಸೆದಾಗ ಉದ್ದ ಕುಗ್ಗುತ್ತದೆ. ಹತ್ತರಲ್ಲಿ ಒಂದು ಪಾಲು ಹೆಚ್ಚಾಗಿ ಕತ್ತರಿಸಿಕೊಳ್ಳಿ.

ಪಿನ್ನಿಗೆ ಬೆಸುಗೆ ಹಾಕಬೇಕೆ, ಕ್ರಿಂಪ್ ಮಾಡಬೇಕೆ?

ಕ್ರಿಂಪ್, ಅಂದರೆ ಪಿನ್ನಿನ ರೆಕ್ಕೆಗಳನ್ನು ತಂತಿಯ ಮೇಲೆ ಒತ್ತಿ ಕೂರಿಸುವುದು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಈ ಬಗೆಯ ಒಂದು ಪಿನ್ನಿನ ಸಂಪರ್ಕಕ್ಕೇ 10 ಮಿಲಿಓಮ್‌ವರೆಗೆ ರೋಧ ಇರಬಹುದು. ಕೇಬಲಿನ ಎರಡು ತುದಿಯ ಎರಡು ಪಿನ್ನುಗಳ ರೋಧ ಒಂದು ಮೀಟರ್ 18ರ ತಂತಿಗೆ ಸಮ ಎಂದಾಯಿತು. ಬೆಳ್ಳಿ ತಂತಿಯಿಂದ ಗಳಿಸಿದ ಶೇಕಡಾ 5ನ್ನು ಒಂದು ಸಡಿಲ ಕ್ರಿಂಪ್ ನುಂಗಿಹಾಕುತ್ತದೆ. ಸರಿಯಾದ ಉಪಕರಣದಿಂದ ಒತ್ತಿದಾಗ ಎಳೆಗಳೂ ಪಿನ್ನಿನ ರೆಕ್ಕೆಗಳೂ ಗಾಳಿ ಕೂಡ ನುಸುಳದಷ್ಟು ಬಿಗಿಯಾಗಿ ಒಂದಾಗುತ್ತವೆ. ಬೆಸುಗೆ ಹಾಕಿದರೆ ಸೀಸ ಎಳೆಗಳ ನಡುವೆ ಮೇಲೇರಿ ತಂತಿಯನ್ನು ಸೆಟೆಸುತ್ತದೆ, ಬಗ್ಗಿಸಿದಾಗ ಆ ಸೆಟೆದ ಭಾಗದ ಅಂಚಿನಲ್ಲೇ ಮುರಿಯುತ್ತದೆ. ಇಕ್ಕಳದಿಂದ ಚಪ್ಪಟೆ ಮಾಡುವುದೂ ಕ್ರಿಂಪ್ ಅಲ್ಲ. 4.2 ಮಿ.ಮೀ. ಅಂತರದ, ಮಿನಿಫಿಟ್ ಎಂಬ ಈ ಪಿನ್ನಿಗೆ ತಕ್ಕ ಕ್ರಿಂಪಿಂಗ್ ಉಪಕರಣವನ್ನೇ ಕೊಳ್ಳಿ, ಬೆಳ್ಳಿ ತಂತಿಗೆಂದು ಇಟ್ಟ ದುಡ್ಡಿನಲ್ಲಿ ಅದು ಬರುತ್ತದೆ. 16ರ ತಂತಿಗೆ ಬೇರೆ ಪಿನ್ ಇದೆ ಎಂಬುದನ್ನೂ ನೆನಪಿಡಿ.

ಒಳರೆಕ್ಕೆ ತಾಮ್ರವನ್ನು ಹಿಡಿಯಬೇಕು, ಹೊರರೆಕ್ಕೆ ಹೊದಿಕೆಯನ್ನು ಹಿಡಿಯಬೇಕು. ಪ್ರತಿಯೊಂದನ್ನೂ ಗಟ್ಟಿಯಾಗಿ ಎಳೆದು ನೋಡಿ. ಕಿತ್ತುಬಂದರೆ ಹೊಸ ಪಿನ್ ಹಾಕಿ, ಹಳೆಯದನ್ನು ಮತ್ತೆ ಒತ್ತಬೇಡಿ.

ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಇದಕ್ಕೆ ಕೂರುತ್ತದೆ. ಬಳಸಬಹುದೆ?

ಬೇಡ. ಕೇಬಲಿನ ಮದರ್‌ಬೋರ್ಡ್ ಕಡೆಯ ತುದಿಗೆ ನಿಯಮವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಂದೊಂದು ಕಂಪನಿಯದು ಒಂದೊಂದು ಬಗೆ. ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾದರಿಗಳೂ ಬೇರೆ ಬೇರೆ. ಕನೆಕ್ಟರ್ ಕೂರುತ್ತದೆ, ಒಳಗಿನ ಸಾಲುಗಳು ಅದಲುಬದಲಾಗಿರುತ್ತವೆ.

ಇದನ್ನು ನಾನು ನೋವಿನಿಂದ ಕಲಿತಿದ್ದೇನೆ. ಗೆಳೆಯನೊಬ್ಬ ತನ್ನ ತಂದೆಯವರು ಕ್ಯಾಸೆಟ್‌ನಲ್ಲಿ ಹಿಡಿದಿಟ್ಟಿದ್ದ ಕಂಪನಿ ನಾಟಕದ ರಂಗಗೀತೆಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದ್ದ. ಅವನ ಯಂತ್ರಕ್ಕೆ ನಾನು ಇನ್ನೊಂದು ಎಸ್‌ಎಂಪಿಎಸ್‌ನ ಸಾಟಾ (ಡಿಸ್ಕಿಗೆ ವಿದ್ಯುತ್ ಕೊಡುವ) ಕೇಬಲ್ ಸಿಕ್ಕಿಸಿದೆ. 5 ವೋಲ್ಟ್ ಬರಬೇಕಾದಲ್ಲಿ 12 ಬಂತು. ಎರಡೂ ಡಿಸ್ಕ್ ಸತ್ತವು. ಕ್ಯಾಸೆಟ್‌ಗಳು ಉಳಿದಿದ್ದರಿಂದ ಮತ್ತೆ ಏರಿಸಿದೆವು, ಎಂಟು ಭಾನುವಾರ ಹಿಡಿಯಿತು. ಎರಡು ಕ್ಯಾಸೆಟ್‌ನ ಟೇಪು ಅಷ್ಟರಲ್ಲಿ ಅಂಟಿಕೊಂಡಿತ್ತು. ಆ ಎರಡರ ಹಾಡುಗಳು ಈಗ ಎಲ್ಲೂ ಇಲ್ಲ. ಅಂದಿನಿಂದ ಹೊಸ ಕೇಬಲನ್ನು ಮೊದಲು ಎಸ್‌ಎಂಪಿಎಸ್‌ಗೆ ಮಾತ್ರ ಸಿಕ್ಕಿಸಿ, ಮತ್ತೊಂದು ತುದಿಯ ಪ್ರತಿ ಪಿನ್ನನ್ನೂ ಮಲ್ಟಿಮೀಟರಿನಲ್ಲಿ ಅಳೆದು, ಕಾಗದದ ಮೇಲೆ ಬರೆದುಕೊಳ್ಳುವವರೆಗೆ ನಾನು ಯಾವುದೇ ಡಿಸ್ಕ್ ಜೋಡಿಸುವುದಿಲ್ಲ.

24 ಪಿನ್ ಕೇಬಲಿನ 13ನೆಯ ಪಿನ್ನಿನಲ್ಲಿ ಕಿತ್ತಳೆ ತಂತಿಯ ಜೊತೆ ತೆಳ್ಳಗಿನ ಇನ್ನೊಂದು ತಂತಿ ಇರಬಹುದು. ಅದು ಮದರ್‌ಬೋರ್ಡಿಗೆ ತಲುಪಿದ 3.3 ವೋಲ್ಟನ್ನು ಅಳೆದು ಎಸ್‌ಎಂಪಿಎಸ್‌ಗೆ ತಿಳಿಸುವ ತಂತಿ, ಬಿಟ್ಟುಬಿಡಬೇಡಿ. 20ನೆಯ ಪಿನ್ ಖಾಲಿ ಇರುವುದು ಸರಿಯೇ.

ಎಲ್ಲ ತಂತಿಯೂ ಕಪ್ಪು ಬಣ್ಣದ್ದಾದರೆ ಚೆನ್ನಾಗಿ ಕಾಣುತ್ತದಲ್ಲವೆ?

ಕಾಣುತ್ತದೆ. ಆರು ತಿಂಗಳ ನಂತರ ಯಾವುದು ಯಾವುದೆಂದು ನಿಮಗೇ ತಿಳಿಯುವುದಿಲ್ಲ. ಬಣ್ಣದ ತಂತಿ ಹಾಕಿ, ಮೇಲೆ ಕಪ್ಪು ಸ್ಲೀವ್ ಏರಿಸಿ.

ಲೀನಿಯರ್ ಪವರ್ ಸಪ್ಲೈ (ಸ್ವಿಚಿಂಗ್ ಇಲ್ಲದ, ದೊಡ್ಡ ಟ್ರಾನ್ಸ್‌ಫಾರ್ಮರಿನದು) ಇದೆ. ಅದರ ಕೇಬಲಿಗೆ ಬೇರೆ ನಿಯಮವೆ?

ತಂತಿಗೆ ಅದೇ ನಿಯಮ. ತೊಂದರೆ ಬರುವುದು ದುಂಡು ಪ್ಲಗ್‌ನಿಂದ. ಹೊರ ವ್ಯಾಸ 5.5 ಮಿ.ಮೀ. ಇರುವ ಪ್ಲಗ್‌ಗಳಲ್ಲಿ ಒಳ ತೂತು 2.1 ಮತ್ತು 2.5 ಎಂದು ಎರಡು ಬಗೆ. 2.5ರ ಪ್ಲಗ್ 2.1ರ ಕಡ್ಡಿಗೂ ಕೂರುತ್ತದೆ, ಆದರೆ ಸಡಿಲವಾಗಿ. ಮೇಜು ಅಲುಗಿದರೆ ಕಂಪ್ಯೂಟರ್ ನಿಂತುಹೋಗುತ್ತದೆ. ಒಳಗಿನದು ಧನವೋ ಋಣವೋ ಎಂಬುದನ್ನು ಅಳೆದು ನೋಡಿಯೇ ಸಿಕ್ಕಿಸಿ. ಲೀನಿಯರ್ ಸಪ್ಲೈಯ ಟ್ರಾನ್ಸ್‌ಫಾರ್ಮರನ್ನು ಕಂಪ್ಯೂಟರಿನಿಂದ ಒಂದು ಅಡಿಯಾದರೂ ದೂರ ಇಡಿ, ಆದರೆ ಅದಕ್ಕೆಂದು ಕೇಬಲನ್ನು ಎರಡು ಮೀಟರ್ ಮಾಡಬೇಡಿ.

ಗೋಡೆಯ ಪ್ಲಗ್‌ನಿಂದ ಬರುವ ಕೇಬಲ್ ದಪ್ಪವಾಗಿರಬೇಕೆ?

100 ವ್ಯಾಟ್ ಬಳಸುವ ಕಂಪ್ಯೂಟರ್ 230 ವೋಲ್ಟಿನಲ್ಲಿ ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ. ಐಎಸ್‌ಐ ಗುರುತಿನ, 0.75 ಅಥವಾ 1 ಚದರ ಮಿ.ಮೀ.ನ ಮೂರು ತಂತಿಯ ಕೇಬಲ್ ಬೇಕಾದಷ್ಟಾಯಿತು. ಇದನ್ನು ನೀವೇ ಮಾಡಬೇಡಿ, ತಯಾರಾದದ್ದನ್ನು ಕೊಳ್ಳಿ. ಒಳಗಿನ 12 ವೋಲ್ಟಿನ ತಪ್ಪು ಯಂತ್ರವನ್ನು ಕೊಲ್ಲುತ್ತದೆ, 230ರ ತಪ್ಪು ಮನುಷ್ಯನನ್ನು.

ದಪ್ಪದ ಬದಲು ಅರ್ಥಿಂಗ್ ನೋಡಿ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆಯೆ? ಹಾಗಾದರೆ ಮೂರನೆಯ ಪಿನ್ನಿಗೆ ಭೂಮಿ ಸಿಕ್ಕಿಲ್ಲ. ಎಸ್‌ಎಂಪಿಎಸ್ ಒಳಗಿನ ಶೋಧಕ ಕೆಪಾಸಿಟರುಗಳು ಆಗ ತಗಡನ್ನು 115 ವೋಲ್ಟಿನ ಆಸುಪಾಸಿಗೆ ಏರಿಸಿರುತ್ತವೆ, ಅದೇ ಕೊಳೆ ಯುಎಸ್‌ಬಿ ಮೂಲಕ ಡ್ಯಾಕ್‌ಗೂ (ಡಿಜಿಟಲ್ ಸಂಕೇತವನ್ನು ನಾದದ ಸಂಕೇತವಾಗಿ ಬದಲಿಸುವ ಉಪಕರಣ) ಆಂಪ್ಲಿಫೈಯರಿಗೂ ಹರಿದು ಗುಂಯ್‌ಗುಡುತ್ತದೆ. ಚಿತ್ರದುರ್ಗದಂಥ ಬಂಡೆಯ ನೆಲದಲ್ಲಿ ಒಣ ಮಣ್ಣು ವಿದ್ಯುತ್ತನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಹೊಳಲ್ಕೆರೆಯ ಒಬ್ಬ ಮೇಷ್ಟ್ರು ಮೂರು ಬಾರಿ ತಂತಿ ಬದಲಿಸಿಕೊಂಡರೂ ಹೋಗದ ಗುಂಯ್ ಸದ್ದು ಗುಂಡಿಗೆ ನೀರು ಬಿದ್ದ ದಿನ ಹೋಯಿತು. ಸದ್ದು ನಿಲ್ಲಿಸಲೆಂದು ಅರ್ಥ್ ಪಿನ್ನನ್ನೇ ಮುರಿಯುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಮಾಡಿದ ಕೇಬಲ್ ಚೆನ್ನಾಗಿದೆಯೆ ಎಂದು ಅಳೆಯುವುದು ಹೇಗೆ?

ಸಾಮಾನ್ಯ ಮಲ್ಟಿಮೀಟರಿನ ಓಮ್ ಮಾಪನ ಇಲ್ಲಿ ನಡೆಯದು, ಅದರ ಸ್ವಂತ ತಂತಿಗಳೇ 200 ಮಿಲಿಓಮ್ ತೋರಿಸುತ್ತವೆ. ಗ್ಯಾರೇಜಿನಿಂದ ಬೈಕಿನ 12 ವೋಲ್ಟ್, 35 ವ್ಯಾಟಿನ ಹಳೆಯ ಹೆಡ್‌ಲೈಟ್ ಬಲ್ಬ್ ತನ್ನಿ. ಅದು ಸುಮಾರು 3 ಆಂಪಿಯರ್ ಎಳೆಯುತ್ತದೆ. ಒಂದು ಹಳದಿ, ಒಂದು ಕಪ್ಪು ತಂತಿಯ ಮೂಲಕ ಬಲ್ಬ್ ಉರಿಸಿ, ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ, ಒಂದೇ ತಂತಿಯ ಎರಡು ತುದಿಯ ಪಿನ್ನುಗಳ ನಡುವೆ ಅಳೆಯಿರಿ. 40 ಸೆಂ.ಮೀ.ನ 18ರ ತಂತಿಯಲ್ಲಿ ತಾಮ್ರದ ಪಾಲು 25 ಮಿಲಿವೋಲ್ಟ್. ಎಲ್ಲ ತಂತಿಗಳೂ ಅದರ ಸಮೀಪದಲ್ಲೇ ಬಂದು ಒಂದು ಮಾತ್ರ 60 ತೋರಿಸಿದರೆ ಅದರ ಕ್ರಿಂಪ್ ಕೆಟ್ಟಿದೆ. ಬಲ್ಬ್ ಬಿಸಿಯಾಗುತ್ತದೆ, ಹೆಂಚಿನ ಚೂರಿನ ಮೇಲೆ ಇಡಿ.

ಇಷ್ಟೆಲ್ಲ ಮಾಡಿದರೆ ಕಿವಿಗೆ ಗೊತ್ತಾಗುತ್ತದೆಯೆ?

ಅರ್ಥಿಂಗ್ ಸರಿಹೋದರೆ ಗೊತ್ತಾಗುತ್ತದೆ, ಮನೆಯವರಿಗೂ ಗೊತ್ತಾಗುತ್ತದೆ. ಸಡಿಲ ಕ್ರಿಂಪ್‌ನಿಂದ ಬರುತ್ತಿದ್ದ ಚಟಪಟ ನಿಂತರೆ ಗೊತ್ತಾಗುತ್ತದೆ. ಬೆಳ್ಳಿಯ ಕೇಬಲನ್ನೂ ತಾಮ್ರದ ಕೇಬಲನ್ನೂ ಗೆಳೆಯನೊಬ್ಬ ನನಗೆ ಹೇಳದೆ ಬದಲಿಸಿ ಹತ್ತು ಬಾರಿ ಕೇಳಿಸಿದಾಗ ನಾನು ಸರಿಯಾಗಿ ಗುರುತಿಸಿದ್ದು ಐದು ಬಾರಿ. ಕೊಳ್ಳುವ ಮೊದಲು ನೀವೂ ಹೀಗೆಯೇ ಒಬ್ಬರ ನೆರವು ಪಡೆದು ಕೇಳಿ ನೋಡಿ.

ಒಂದು ಕಂಪ್ಯೂಟರಿಗೆ ಎಷ್ಟು ಮೀಟರ್ ಕೊಳ್ಳಲಿ?

ಪುಟ್ಟ ಪೆಟ್ಟಿಗೆಯಾದರೆ 24 ಪಿನ್ ಕೇಬಲಿಗೆ 10 ಮೀಟರ್, ಪ್ರೊಸೆಸರ್ ಕೇಬಲಿಗೆ 4, ಡಿಸ್ಕಿಗೆ 2ರಿಂದ 3. ಹೊಸೆತಕ್ಕೂ ತಪ್ಪಿಗೂ ಸೇರಿಸಿ 20 ಮೀಟರ್ ತನ್ನಿ. ಅದರಲ್ಲಿ 9 ಮೀಟರ್ ಕಪ್ಪು ಇರಲಿ. ಪಿನ್ನುಗಳನ್ನು ನೂರರ ಪೊಟ್ಟಣದಲ್ಲೇ ಕೊಳ್ಳಿ. ಮೊದಲ ಇಪ್ಪತ್ತು ಕೈ ಕುದುರುವುದಕ್ಕೇ ಖರ್ಚಾಗುತ್ತವೆ.